ಪಿವಿಸಿ ಪೈಪಿನ ಜೀಪು, ಆರು ಚಕ್ರದ ಕಾರು

ಮೊನ್ನೆ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಇಲ್ಲೇ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಹಾಸ್ಟೆಲ್ ಊಟ ಬೇಜಾರಾದಾಗ ಮಾವನ ಮನೆ ನೆನಪಾಗುತ್ತದೆ. ಹೊರಗೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ, ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಕಡುಬು ತಿಂದು ಮುಗಿಸಿ ಮೊಬೈಲ್ ಉಜ್ಜುತ್ತಾ ಕೂತವನು ಇದ್ದಕ್ಕಿದ್ದಂತೆ ಬಿದ್ದು ಬಿದ್ದು ನಗಲು ಶುರು ಮಾಡಿದ. "ಮಾವ, ಇಲ್ನೋಡಿ, ಚೋರಟೆಗೆ ಟೈರ್ ಹಾಕಿದಂಗಿದೆ. ಇದನ್ನೂ ರೇಸಿಗೆ ಬಿಟ್ಟಿದ್ರಂತೆ!"

ನೋಡಿದರೆ ಟಿರೆಲ್ ಪಿ34. ಆರು ಚಕ್ರದ ಫಾರ್ಮುಲಾ ಒನ್ ಕಾರು.

ನನಗೆ ಸಿಟ್ಟು ಬಂತು. ಸುಳ್ಳಲ್ಲ, ನಿಜವಾಗಿಯೂ ಬಂತು. ನಮ್ಮ ಮನೆಯ ಅಜ್ಜನ ಉಬ್ಬುಹಲ್ಲು ನೋಡಿ ಯಾರೋ ನಕ್ಕ ಹಾಗಾಯಿತು. ಅವನನ್ನು ಕೂರಿಸಿ ಒಂದು ಗಂಟೆ ಕೊರೆದೆ. ಅರ್ಧಕ್ಕೇ ಆಕಳಿಸಿದ ಪುಣ್ಯಾತ್ಮ. ಹಾಗಾಗಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಕಾರಿಗೆ ಮೊದಲು ಜೀಪಿನ ಕಥೆ ಹೇಳಬೇಕು.

ನಮ್ಮೂರು ತೀರ್ಥಹಳ್ಳಿಯಿಂದ ಸುಮಾರು ಒಳಗೆ. ಟಾರು ರಸ್ತೆಗೂ ನಮ್ಮ ಮನೆಗೂ ನಡುವೆ ಒಂದು ಹಳ್ಳ. ಈಗ ಮೋರಿ ಕಟ್ಟಿದ್ದಾರೆ, ಆಗ ಇರಲಿಲ್ಲ. ಬೇಸಿಗೆಯಲ್ಲಿ ಅದರಲ್ಲಿ ಏಡಿ ಹಿಡಿಯುತ್ತಿದ್ದೆವು, ಪುನರ್ವಸು ಮಳೆ ಹಿಡಿದರೆ ಮಾತ್ರ ತೊಡೆ ಮಟ್ಟ ನೀರು. ಅಪ್ಪನ ಹತ್ತಿರ ಹಳೇ ಮಹೀಂದ್ರಾ ಜೀಪಿತ್ತು. ಒಂದು ಮಳೆಗಾಲ ಅದು ನಡು ಹಳ್ಳದಲ್ಲಿ ನೀರು ಕುಡಿದು ನಿಂತೇ ಹೋಯಿತು. ಡೀಸೆಲ್ ಇಂಜಿನ್ ಗಾಳಿ ಎಳೆಯುವ ಬಾಯಲ್ಲಿ ನೀರು ಎಳೆದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ, ಒಳಗಿನ ರಾಡೇ ಬಗ್ಗಿ ಹೋಗುತ್ತದೆ. ರಿಪೇರಿಗೆ ಆ ವರ್ಷದ ಅಡಿಕೆ ದುಡ್ಡಿನಲ್ಲಿ ಒಂದು ಪಾಲು ಹೋಯಿತು. ಮುಂದಿನ ಮಳೆಗಾಲ ಬರುವುದರೊಳಗೆ ಪೇಟೆಯ ಮೇಸ್ತ್ರಿಯೊಬ್ಬರು ಒಂದು ಉಪಾಯ ಮಾಡಿದರು. ತೋಟಕ್ಕೆ ನೀರು ಬಿಡಲು ತಂದು ಮಿಕ್ಕಿದ್ದ ಪಿವಿಸಿ ಪೈಪನ್ನು ಬಾನೆಟ್ಟಿನ ಪಕ್ಕದಿಂದ ತೆಗೆದು, ಗಾಜಿನ ಪಕ್ಕ ಹಾಯಿಸಿ, ಟಾಪಿನ ಮೇಲಕ್ಕೆ ಎಬ್ಬಿಸಿದರು. ತುದಿಗೆ ಮಳೆ ನೀರು ಇಳಿಯದ ಹಾಗೆ ಒಂದು ಎಲ್ಬೋ. ಅಲ್ಲಲ್ಲಿ ಸೈಕಲ್ ಟ್ಯೂಬು ಸುತ್ತಿದ್ದು.

"ಮಾಸ್ತರ ಜೀಪಿಗೆ ಸೊಂಡಿಲು ಬಂದಿದೆ" ಅಂತ ಊರೆಲ್ಲ ಸುದ್ದಿ. ನನಗೆ ಶಾಲೆ ಹತ್ತಿರ ಆ ಜೀಪಿನಿಂದ ಇಳಿಯಲು ನಾಚಿಕೆ. ಹಿಂದಿನ ತಿರುವಲ್ಲೇ ಇಳಿದು ನಡೆದುಕೊಂಡು ಹೋಗುತ್ತಿದ್ದೆ. ಆದರೆ ಆ ಜುಲೈನಲ್ಲಿ ಹಳ್ಳ ದಾಟಿದ್ದು ಅದೊಂದೇ ಗಾಡಿ. ನಕ್ಕವರ ಮನೆಯ ಬಾಣಂತಿಯನ್ನೂ ಅದೇ ಆಸ್ಪತ್ರೆಗೆ ಮುಟ್ಟಿಸಿತು.

ಅವತ್ತಿನಿಂದ ಇವತ್ತಿನವರೆಗೂ ಚಂದ ಇಲ್ಲದ ಯಾವ ಗಾಡಿ ನೋಡಿದರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಇದು ದಾಟಬೇಕಾಗಿದ್ದ ಹಳ್ಳ ಯಾವುದು?

ಈಗ ಟಿರೆಲ್‌ಗೆ ಬನ್ನಿ. 1970ರ ದಶಕದ ನಡುವೆ ಇಂಗ್ಲೆಂಡಿನ ಬಹುತೇಕ ತಂಡಗಳ ಹತ್ತಿರ ಇದ್ದಿದ್ದು ಒಂದೇ ಇಂಜಿನ್, ಕಾಸ್ವರ್ತ್ ಡಿಎಫ್‌ವಿ. ಎಲ್ಲರ ಮನೆಯಲ್ಲೂ ಅದೇ ಅಕ್ಕಿ ಅಂದಮೇಲೆ ರುಚಿ ಬೇರೆ ಆಗಬೇಕಾದರೆ ಸಾರಿನಲ್ಲೇ ಏನಾದರೂ ಮಾಡಬೇಕು, ಅಲ್ವಾ? ಕೆನ್ ಟಿರೆಲ್ ಮೂಲತಃ ಮರದ ವ್ಯಾಪಾರಿ. ಅವನ ರೇಸ್ ತಂಡ ಇದ್ದಿದ್ದೂ ನಾಟಾ ಪೇರಿಸುವ ಅಂಗಳದಲ್ಲೇ. ನಮ್ಮ ಸಾಮಿಲ್‌ಗಳ ಕಡೆ ಹೋದಾಗಲೆಲ್ಲ ನನಗೆ ಇದು ನೆನಪಾಗಿ ಸುಮ್ನೆ ನಗು ಬರುತ್ತದೆ. ಅವನ ಡಿಸೈನರ್ ಡೆರೆಕ್ ಗಾರ್ಡ್‌ನರ್ ಯೋಚಿಸಿದ್ದು ಇಷ್ಟು. ಮುಂದಿನ ರೆಕ್ಕೆ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಅದುಮುವ ಹಲಗೆ) ಒಂದೂವರೆ ಮೀಟರ್‌ಗಿಂತ ಅಗಲ ಇರಬಾರದು ಅಂತ ನಿಯಮ. ಮುಂದಿನ ಟೈರುಗಳು ಆ ರೆಕ್ಕೆಗಿಂತ ಎತ್ತರವಾಗಿ ಆಚೆ ಈಚೆ ಎದ್ದು ನಿಂತು ಗಾಳಿಗೆ ಎದೆ ಕೊಡುತ್ತವೆ. ಟೈರನ್ನೇ ಸಣ್ಣದು ಮಾಡಿ ರೆಕ್ಕೆಯ ಹಿಂದೆ ಅಡಗಿಸಿಬಿಟ್ಟರೆ? ಹಾಗೆಂದು 10 ಇಂಚಿನ ಗಾಲಿ ಹಾಕಿದ. ಎರಡೇ ಹಾಕಿದರೆ ಅಷ್ಟು ಸಣ್ಣ ಟೈರಿಗೆ ಹಿಡಿತ ಸಾಲದು. ನಾಲ್ಕು ಹಾಕಿದ. ನಾಲ್ಕಕ್ಕೂ ಬ್ರೇಕ್.

ಚಾಲಕನಿಗೆ ಕೂತಲ್ಲಿಂದ ಆ ಪುಟ್ಟ ಚಕ್ರ ಕಾಣುತ್ತಿರಲಿಲ್ಲ. ಅದಕ್ಕೆ ಕಾಕ್‌ಪಿಟ್ಟಿನ ಪಕ್ಕ ಸಣ್ಣ ಕಿಟಕಿ ಇಟ್ಟರು. ಕಾರಿನ ಹೊಟ್ಟೆಗೆ ಕಿಟಕಿ! ನಮ್ಮ ಮೇಸ್ತ್ರಿ ನೋಡಿದ್ದರೆ ಕೈ ಮುಗಿಯುತ್ತಿದ್ದರು.

1976ರ ಜೂನ್, ಸ್ವೀಡನ್ನಿನ ಆಂಡರ್‌ಸ್ಟಾರ್ಪ್. ಜೋಡಿ ಶೆಕ್ಟರ್ ಮೊದಲು, ಪ್ಯಾಟ್ರಿಕ್ ಡೆಪಾಯೆ ಎರಡನೆಯವನು. ಎರಡೂ ಆರು ಚಕ್ರದ ಕಾರು. ಆ ವರ್ಷ ಚಾಂಪಿಯನ್‌ಶಿಪ್ಪಿನಲ್ಲಿ ಶೆಕ್ಟರ್ ಮೂರನೆಯವನು, ಡೆಪಾಯೆ ನಾಲ್ಕನೆಯವನು. ತಮಾಷೆ ಅಂದರೆ ಶೆಕ್ಟರ್‌ಗೆ ಈ ಕಾರು ಕಂಡರೆ ಆಗುತ್ತಿರಲಿಲ್ಲ, ವರ್ಷ ಮುಗಿಯುತ್ತಿದ್ದಂತೆ ಬೇರೆ ತಂಡಕ್ಕೆ ಹೋದ. ಡೆಪಾಯೆಗೆ ಅದರ ಮೇಲೆ ಪ್ರೀತಿ. ಕೊನೆಗೆ ಈ ಕಾರನ್ನು ಮುಗಿಸಿದ್ದು ಅದರ ರೂಪ ಅಲ್ಲ, ಟೈರು. ಗುಡ್‌ಇಯರ್ ಎಲ್ಲ ತಂಡಗಳ ದೊಡ್ಡ ಟೈರನ್ನು ವರ್ಷ ವರ್ಷ ಸುಧಾರಿಸುತ್ತಾ ಹೋಯಿತು, ಒಂದೇ ತಂಡ ಬಳಸುವ 10 ಇಂಚಿನ ಟೈರು ಹಿಂದೆ ಉಳಿಯಿತು. ಕಾರಿನ ತೂಕವೂ ಏರಿತು. 1977ಕ್ಕೆ ಕಥೆ ಮುಗಿಯಿತು. ಹಳೇ ಗಾಡಿ ಇಟ್ಟುಕೊಂಡವರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ಅದರ ಸೈಜಿನ ಟೈರೇ ಅಂಗಡಿಯಲ್ಲಿ ಸಿಗುವುದಿಲ್ಲ.

ಕಾರಿನ ಹಿಂಬದಿಗೆ ನಾಲ್ಕು ಚಕ್ರ ಇಟ್ಟು ಬೇರೆಯವರೂ ನೋಡಿದರು. ಮಾರ್ಚ್ ಅನ್ನುವ ತಂಡ ಮಾಡಿತು, ವಿಲಿಯಮ್ಸ್ ತಂಡ ಮಾಡಿತು. ಅವು ಯಾವುದೂ ಫಾರ್ಮುಲಾ ಒನ್ ರೇಸಿಗೆ ಇಳಿಯಲಿಲ್ಲ. 1983ರಿಂದ ನಾಲ್ಕೇ ಚಕ್ರ ಅಂತ ನಿಯಮ ಬಂತು. ಬಾಗಿಲು ಬಂದ್.

ಅದೇ ಆಂಡರ್‌ಸ್ಟಾರ್ಪ್‌ನಲ್ಲಿ ಸರಿಯಾಗಿ ಎರಡು ವರ್ಷಕ್ಕೆ ಇನ್ನೊಂದು ವಿಚಿತ್ರ ಬಂತು. ಆ ಊರಿನ ನೀರಿನಲ್ಲೇ ಏನೋ ಇದೆ. 1978ರಲ್ಲಿ ಲೋಟಸ್ 79 ಎಲ್ಲರನ್ನೂ ಅಳಿಸುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಎರಡೂ ಬದಿ ಸುರಂಗದ ಹಾಗೆ ಆಕಾರ, ಅಲ್ಲಿ ಗಾಳಿ ಜೋರಾಗಿ ಹರಿದು ಒತ್ತಡ ಕಡಿಮೆಯಾಗಿ, ಕಾರು ಜಿಗಣೆಯ ಹಾಗೆ ರಸ್ತೆ ಕಚ್ಚಿಕೊಳ್ಳುತ್ತಿತ್ತು. (ಆಗುಂಬೆ ಕಾಡಲ್ಲಿ ನಡೆದವರಿಗೆ ಈ ಹೋಲಿಕೆ ಬೇಗ ಅರ್ಥ ಆಗುತ್ತದೆ.) ಬ್ರಾಬಮ್ ತಂಡದ ಡಿಸೈನರ್ ಗಾರ್ಡನ್ ಮರ್ರೆಗೆ ಅದನ್ನು ನಕಲು ಮಾಡೋಣ ಅಂದರೂ ಜಾಗ ಇಲ್ಲ. ಅವರ ಆಲ್ಫಾ ರೋಮಿಯೋ ಇಂಜಿನ್ ಅಗಲಕ್ಕೆ ಮಲಗಿದ 12 ಸಿಲಿಂಡರಿನದು, ಸುರಂಗ ಬರಬೇಕಾದ ಜಾಗದಲ್ಲೇ ಅದು ಕಾಲು ಚಾಚಿಕೊಂಡಿದೆ. ಸರಿ, ಗಾಳಿ ತಾನಾಗಿ ಹರಿಯುವುದಿಲ್ಲ ಅಂದರೆ ಎಳೆದು ಬಿಸಾಡೋಣ ಅಂತ ಕಾರಿನ ಹಿಂದೆ ದೊಡ್ಡ ಫ್ಯಾನ್ ಕೂರಿಸಿದ. ಹಿಂದಿನಿಂದ ನೋಡಿದರೆ ಥೇಟ್ ಹೋಟೆಲ್ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು.

ಗಾಳಿಯಿಂದ ಕಾರನ್ನು ನೆಲಕ್ಕೆ ಅದುಮಲು ಚಲಿಸುವ (ಏರೋಡೈನಮಿಕ್) ಸಾಧನ ಇರಬಾರದು ಅಂತ ನಿಯಮ ಇತ್ತಲ್ಲ? ಇದು ರೇಡಿಯೇಟರ್ ತಂಪು ಮಾಡುವ ಫ್ಯಾನು ಸ್ವಾಮಿ, ಅಂದರು. ರೇಡಿಯೇಟರನ್ನು ನಿಜವಾಗಿಯೂ ಇಂಜಿನ್ನಿನ ಮೇಲೆ ಮಲಗಿಸಿಟ್ಟಿದ್ದರು, ಹಾಗಾಗಿ ಪೂರ್ತಿ ಸುಳ್ಳು ಅನ್ನುವ ಹಾಗೂ ಇಲ್ಲ. ಕಾರು ನಿಂತಾಗ ಫ್ಯಾನಿನ ಬಾಯಿಗೆ ಕಸದ ಡಬ್ಬಿಯ ಮುಚ್ಚಳ ಮುಚ್ಚಿಡುತ್ತಿದ್ದರು, ಬೇರೆಯವರು ಇಣುಕಬಾರದಲ್ಲ. ಆದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಕಾರು ಕುಕ್ಕರಗಾಲಲ್ಲಿ ಕೂತ ಹಾಗೆ ನೆಲಕ್ಕೆ ಇಳಿಯುತ್ತಿತ್ತು. ಅದನ್ನು ಯಾವ ಮುಚ್ಚಳದಿಂದ ಮುಚ್ಚುವುದು? ಬ್ರಾಬಮ್ ಚಾಲಕ ನಿಕಿ ಲೌಡಾ ಅರ್ಧ ನಿಮಿಷಕ್ಕೂ ಜಾಸ್ತಿ ಅಂತರದಿಂದ ಗೆದ್ದ. ಹಿಂದೆ ಬರುವವರ ಮುಖಕ್ಕೆ ಕಲ್ಲು ಮಣ್ಣು ತೂರುತ್ತದೆ ಅಂತ ಉಳಿದವರು ಗಲಾಟೆ ಎಬ್ಬಿಸಿದರು. ತಂಡದ ಮಾಲೀಕ ಬರ್ನಿ ಎಕ್ಲ್‌ಸ್ಟನ್ ಒಂದೇ ರೇಸಿಗೆ ಕಾರನ್ನು ವಾಪಸ್ ತೆಗೆದ. ಗೆಲುವು ಮಾತ್ರ ಲೆಕ್ಕದಲ್ಲಿ ಹಾಗೇ ಉಳಿಯಿತು. ಓಡಿದ್ದು ಒಂದು ರೇಸು, ಗೆದ್ದದ್ದು ಒಂದು ರೇಸು.

ಇದು ಮರ್ರೆಯ ತಲೆಗೇ ಮೊದಲು ಬಂದದ್ದಲ್ಲ. 1970ರಲ್ಲೇ ಅಮೆರಿಕದ ಟೆಕ್ಸಸ್‌ನಲ್ಲಿ ಜಿಮ್ ಹಾಲ್ ಅನ್ನುವವನು ಚಾಪರಲ್ 2ಜೆ ಅಂತ ಮಾಡಿದ್ದ. ನೋಡಲು ಅಕ್ಕಿ ಪೆಟ್ಟಿಗೆಗೆ ಚಕ್ರ ಜೋಡಿಸಿದ ಹಾಗೆ. ಹಿಂದೆ ಎರಡು ಫ್ಯಾನು, ಅವನ್ನು ತಿರುಗಿಸಲು ಹಿಮದ ಮೇಲೆ ಓಡಿಸುವ ಗಾಡಿಯದ್ದೊಂದು ಟೂ ಸ್ಟ್ರೋಕ್ ಇಂಜಿನ್ ಬೇರೆ, ಸುತ್ತಲೂ ನೆಲಕ್ಕೆ ತಾಗುವ ಹಾಗೆ ಪ್ಲಾಸ್ಟಿಕ್ ಲಂಗ. ಕಾರು ನಿಂತಿದ್ದರೂ ಫ್ಯಾನ್ ತಿರುಗುತ್ತದೆ, ಹಾಗಾಗಿ ನಿಧಾನದ ತಿರುವಲ್ಲೂ ಹಿಡಿತ. ಪದೇ ಪದೇ ಕೆಡುತ್ತಿತ್ತು ನಿಜ. ಆದರೂ ಕೆಡದೆ ಇದ್ದಾಗ ಅದರ ವೇಗ ನೋಡಿ ಎದುರಾಳಿಗಳು ಹೆದರಿದರು, ಮುಂದಿನ ವರ್ಷಕ್ಕೆ ನಿಷೇಧ ಬಂತು.

ಇನ್ನು ಕೆಲವು ಇವೆ, ಜಾಸ್ತಿ ಹೇಳಲು ಹೋಗುವುದಿಲ್ಲ. 1976ರ ಲಿಜಿಯೆ ಜೆಎಸ್5ರ ತಲೆ ಮೇಲೆ ಇಂಜಿನ್ನಿಗೆ ಗಾಳಿ ಹೋಗುವ ಒಂದು ದೊಡ್ಡ ಬುರುಡೆ ಇತ್ತು, ಟೀ ಕೆಟಲ್ ಅಂತಲೇ ಅದಕ್ಕೆ ಅಡ್ಡಹೆಸರು. ನನಗೆ ಅದು ನಮ್ಮ ಪಿವಿಸಿ ಪೈಪಿನ ಶ್ರೀಮಂತ ದಾಯಾದಿ ಅನಿಸುತ್ತದೆ. ಆ ವರ್ಷವೇ ನಡುವಲ್ಲಿ ನಿಯಮ ಬದಲಾಗಿ ಎತ್ತರದ ಬುರುಡೆಗಳೆಲ್ಲ ಕತ್ತರಿಸಿ ಹೋದವು. 1971ರಲ್ಲಿ ಮಾರ್ಚ್ ತಂಡದ 711 ಕಾರಿನ ಮೂತಿಯ ಮೇಲೆ ಒಂದು ಕಂಬ ನೆಟ್ಟು ಅದರ ಮೇಲೆ ಮೊಟ್ಟೆ ಆಕಾರದ ರೆಕ್ಕೆ ಇಟ್ಟಿದ್ದರು. ಮದುವೆ ಮನೆಯಲ್ಲಿ ಒಂದೇ ಕೈಯಲ್ಲಿ ಟೀ ತಟ್ಟೆ ಎತ್ತಿ ಹಿಡಿದು ಜನರ ನಡುವೆ ನುಗ್ಗುವವರನ್ನು ನೋಡಿದ್ದೀರಲ್ಲ, ಹಾಗೆ. ರೋನಿ ಪೀಟರ್ಸನ್ ಅದರಲ್ಲೇ ಒಂದೂ ರೇಸ್ ಗೆಲ್ಲದೆ ಚಾಂಪಿಯನ್‌ಶಿಪ್ಪಿನಲ್ಲಿ ಎರಡನೆಯವನಾದ. ಅದು ಹೇಗೋ, ಕಾರಿನ ಹಾಗೆ ಸಾಧನೆಯೂ ವಿಚಿತ್ರ.

ಹಳೆಯದರಲ್ಲಿ ನನಗೆ ಅತಿ ಇಷ್ಟ ಆಗುವುದು 1950ರಲ್ಲಿ ಫ್ರಾನ್ಸಿನ 24 ಗಂಟೆಯ ರೇಸಾದ ಲ ಮಾನ್ಸ್‌ಗೆ ಬಂದ ಕ್ಯಾಡಿಲಾಕ್. ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಸಿರಿವಂತ ಎರಡು ಕ್ಯಾಡಿಲಾಕ್ ತಂದಿದ್ದ. ಒಂದು ಶೋರೂಮಿನಲ್ಲಿ ಸಿಗುವಂಥದ್ದೇ. ಇನ್ನೊಂದಕ್ಕೆ ವಿಮಾನ ಕಂಪನಿಯ ಇಂಜಿನಿಯರ್ ಕೈಯಿಂದ ಗಾಳಿ ಸೀಳುವ ಹೊಸ ಮೈ ಮಾಡಿಸಿದ್ದ. ಚಪ್ಪಟೆ, ಅಗಲ, ಮಗುಚಿದ ದೋಣಿಗೆ ಹೆಡ್‌ಲೈಟ್ ಇಟ್ಟ ಹಾಗೆ. ಫ್ರಾನ್ಸಿನ ಜನ ನೋಡಿದವರೇ 'ಲ ಮಾನ್ಸ್ತ್ರ್' ಅಂತ ಹೆಸರಿಟ್ಟರು, ಅಂದರೆ ರಾಕ್ಷಸ. ರೇಸಿನ ಶುರುವಿಗೇ ಅದು ಮರಳಿನಲ್ಲಿ ಹೂತುಕೊಂಡಿತು, ಅಗೆದು ಎಬ್ಬಿಸಬೇಕಾಯಿತು. 24 ಗಂಟೆ ಆದಮೇಲೆ ನೋಡಿದರೆ ಶೋರೂಮಿನ ಕಾರು 10ನೇ ಸ್ಥಾನ, ರಾಕ್ಷಸ 11. ವಿಮಾನದ ಇಂಜಿನಿಯರ್‌ಗೆ ಕೊಟ್ಟ ದುಡ್ಡು ನೆನೆದರೆ ಪಾಪ ಅನಿಸುತ್ತದೆ.

1955ರಲ್ಲಿ ಅದೇ ಜಾಗಕ್ಕೆ ಇಟಲಿಯಿಂದ ನಾರ್ದಿ ಬಿಸಿಲುರೊ ಬಂತು. ಎರಡು ಟಾರ್ಪಿಡೋ ಅಕ್ಕಪಕ್ಕ ಇಟ್ಟು ನಡುವೆ ಹಲಗೆ ಬಡಿದ ಹಾಗೆ. ಒಂದು ಕೊಳವೆಯಲ್ಲಿ ಚಾಲಕ, ಇನ್ನೊಂದರಲ್ಲಿ ಇಂಜಿನ್, ಅದೂ ಮುಕ್ಕಾಲು ಲೀಟರಿನಷ್ಟು ಪುಟ್ಟದು. ಎಷ್ಟು ಹಗುರ ಅಂದರೆ ಪಕ್ಕದಲ್ಲಿ ದೊಡ್ಡ ಕಾರು ಹಾದುಹೋದ ಗಾಳಿಗೇ ರಸ್ತೆ ಬಿಟ್ಟು ಹೊರಗೆ ಹೋಯಿತಂತೆ. ಈಗ ಮಿಲಾನ್ ನಗರದ ಮ್ಯೂಸಿಯಮ್ಮಿನಲ್ಲಿ ಇದೆ. ಅಲ್ಲಿ ಗಾಳಿ ಇಲ್ಲ, ಆರಾಮಾಗಿ ಇರಲಿ.

ಇಷ್ಟು ಹೊತ್ತು ಹೇಳಿದ ಯಾವ ಕಾರಿಗೂ ನಾನು ಚಂದ ಅನ್ನುವುದಿಲ್ಲ. ಆದರೆ ಪ್ರತಿಯೊಂದಕ್ಕೂ ಎದುರಿಗೆ ಒಂದು ಹಳ್ಳ ಇತ್ತು. ಟೈರಿಗೆ ಬಡಿಯುವ ಗಾಳಿ, ಅಡ್ಡ ಬಂದ ಇಂಜಿನ್, ಸಾಲದ ಹಿಡಿತ. ಕೆಲವು ದಾಟಿದವು, ಕೆಲವು ಕೊಚ್ಚಿಕೊಂಡು ಹೋದವು.

ನನಗೆ ಸಹಿಸಲು ಆಗದೆ ಇರುವುದು ಬೇರೆ. 2012 ನೆನಪಿದೆಯಾ? ನಮ್ಮ ಫೋರ್ಸ್ ಇಂಡಿಯಾ ಕಾರಿನ ಹೊಸ ಫೋಟೋ ಬಂತು ಅಂತ ಆಸೆಯಿಂದ ತೆಗೆದು ನೋಡಿದರೆ ಮೂತಿ ಮೇಲೆ ಮೆಟ್ಟಿಲು! ಒಂದು ಕಾರಲ್ಲ, ಮೆಕ್‌ಲಾರೆನ್ ಮತ್ತು ಇನ್ನೊಂದು ತಂಡ ಬಿಟ್ಟು ಎಲ್ಲದಕ್ಕೂ ಅದೇ. ಅಡ್ಡ ಡಿಕ್ಕಿಯಾದಾಗ ಮೂತಿ ಇನ್ನೊಬ್ಬ ಚಾಲಕನ ತಲೆಗೆ ತಾಗಬಾರದು ಅಂತ ತುದಿಯನ್ನು 550 ಮಿಲಿಮೀಟರಿಗೆ ಇಳಿಸಿದ್ದರು, ಒಳ್ಳೆಯದೇ. ಆದರೆ ಅದರ ಹಿಂದಿನ ಭಾಗ 625ರವರೆಗೆ ಇರಬಹುದು ಅಂತ ಬಿಟ್ಟರು. ಕೆಳಗಿನಿಂದ ಗಾಳಿ ಹೋಗಲು ಜಾಗ ಬೇಕಲ್ಲ, ತಂಡಗಳು ಎರಡನ್ನೂ ಕಡ್ಡಿ ಇಟ್ಟು ಅಳೆದು ಕೊನೆಯ ಮಿಲಿಮೀಟರಿನವರೆಗೂ ಬಳಸಿಕೊಂಡವು. ಮೆಟ್ಟಿಲು ಹುಟ್ಟಿತು. 2014ರಲ್ಲಿ ತುದಿಯನ್ನು ಇನ್ನೂ ಇಳಿಸಿ 185ಕ್ಕೆ ತಂದರು. ಆಗ ಬಂದ ಮೂತಿಗಳನ್ನು ಮನೆಮಂದಿಯ ಜೊತೆ ಕೂತು ನೋಡುವ ಹಾಗಿರಲಿಲ್ಲ, ಅಷ್ಟು ಹೇಳಿ ಬಿಡುತ್ತೇನೆ. ಲೋಟಸ್ ಅಂತೂ ಮುಂದೆ ಎರಡು ಕೋರೆ ಹಲ್ಲು ಇಟ್ಟಿತು, ಒಂದು ಉದ್ದ ಒಂದು ಗಿಡ್ಡ. ಒಂದೇ ತುದಿ ಇರಬೇಕು ಅನ್ನುವ ನಿಯಮಕ್ಕೆ ಉದ್ದದ್ದನ್ನು ತೋರಿಸಿ, ಗಿಡ್ಡದ್ದು ಬೇರೆ ಅಂದರು.

ಇದು ಜಾಣತನ ಇರಬಹುದು, ನನಗೆ ಮಾತ್ರ ಕಚೇರಿಯ ಅರ್ಜಿ ಫಾರಂ ನೋಡಿದ ಹಾಗಾಗುತ್ತದೆ. ಅಲ್ಲಿ ಹಳ್ಳ ಇಲ್ಲ. ಯಾರೋ ಕಾಗದದ ಮೇಲೆ ಹಳ್ಳದ ಚಿತ್ರ ಬರೆದಿದ್ದಾರೆ, ಇವರು ಪ್ಯಾಂಟು ಮಡಿಸಿಕೊಂಡು ಅದನ್ನು ದಾಟುತ್ತಿದ್ದಾರೆ. ಮತ್ತೆ ಆರು ಚಕ್ರದ ಟಿರೆಲ್ಲೂ ನಿಯಮದ ಸಂದಿಯಲ್ಲೇ ನುಗ್ಗಿದ್ದಲ್ವಾ ಅಂತ ನನ್ನ ಗೆಳೆಯರೊಬ್ಬರು ಕಮೆಂಟಲ್ಲಿ ಬಂದೇ ಬರುತ್ತಾರೆ, ಗೊತ್ತು. ಹೌದು ಮಾರಾಯ್ರೆ, ನುಗ್ಗಿತು. ಆದರೆ ಟಿರೆಲ್ ಒಂದೇ ನುಗ್ಗಿತು, ಉಳಿದವರೆಲ್ಲ ಬಾಯಿ ಬಿಟ್ಟು ನೋಡಿದರು. 2012ರಲ್ಲಿ ಹತ್ತು ಅಂಗಡಿಯಲ್ಲೂ ಒಂದೇ ಮೆಟ್ಟಿಲು.

ಇಲ್ಲಿ ನನ್ನದೊಂದು ತಪ್ಪೂ ಒಪ್ಪಿಕೊಳ್ಳಬೇಕು. 2018ರಲ್ಲಿ ಚಾಲಕನ ತಲೆ ಕಾಯುವ ಹ್ಯಾಲೋ ಅನ್ನುವ ಚೌಕಟ್ಟು ಬಂದಾಗ ಇದೇ ಫೇಸ್‌ಬುಕ್‌ನಲ್ಲಿ ನಾನು ಉದ್ದಕ್ಕೆ ಬೈದು ಬರೆದಿದ್ದೆ. ಚಾಲಕನ ತಲೆ ಸುತ್ತ ಹವಾಯಿ ಚಪ್ಪಲಿಯ ಪಟ್ಟಿ ಹಾಕಿದ್ದಾರೆ, ಇನ್ನು ರೇಸ್ ನೋಡುವುದಿಲ್ಲ ಅಂತೆಲ್ಲ. ಮುಂದಿನ ವಾರವೇ ನೋಡಿದೆ, ಆ ಮಾತು ಬಿಡಿ. ಮರ್ಸಿಡಿಸ್ ತಂಡದ ಟೋಟೋ ವುಲ್ಫ್‌ಗೂ ಗರಗಸ ಕೊಟ್ಟರೆ ಕತ್ತರಿಸಿ ಬಿಸಾಡುವಷ್ಟು ಸಿಟ್ಟಿತ್ತು. ಚಾಲಕ ರೊಮೇನ್ ಗ್ರೋಜಾನ್‌ಗೂ ಅದು ಬೇಡವಾಗಿತ್ತು. 2020ರ ನವೆಂಬರ್ 29, ಬಹ್ರೇನ್, ಮೊದಲ ಸುತ್ತು. ಗ್ರೋಜಾನ್‌ನ ಕಾರು ಕಬ್ಬಿಣದ ತಡೆಗೋಡೆಯ ನಡುವೆ ನುಗ್ಗಿ ಎರಡು ತುಂಡಾಗಿ ಬೆಂಕಿ ಹತ್ತಿಕೊಂಡಿತು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹೆಂಡತಿ ಅಡುಗೆಮನೆಯಿಂದ "ಎಂತಾಯ್ತು" ಅಂತ ಕೇಳಿದರೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಅರ್ಧ ನಿಮಿಷ ಆಗುವುದರೊಳಗೆ ಅವನು ಆ ಬೆಂಕಿಯೊಳಗಿಂದ ತಾನೇ ಎದ್ದು ಬಂದ. ಗೋಡೆಯ ಕಬ್ಬಿಣವನ್ನು ತಲೆಗೆ ತಾಗದ ಹಾಗೆ ಆಚೆ ತಳ್ಳಿದ್ದು ಅದೇ ಚಪ್ಪಲಿ ಪಟ್ಟಿ. ಅವತ್ತೇ ರಾತ್ರಿ ಹಳೇ ಪೋಸ್ಟ್ ಹುಡುಕಿ ಡಿಲೀಟ್ ಮಾಡಿದೆ. ಈಗ ಹ್ಯಾಲೋ ಇಲ್ಲದ ಕಾರು ನೋಡಿದರೆ ಕುತ್ತಿಗೆ ಬರಿದಾದ ಹಾಗೆ ಕಾಣುತ್ತದೆ.

ಅಕ್ಕನ ಮಗ ಎದ್ದು ಕೂತಿದ್ದು ಮಾತ್ರ ಡೆಲ್ಟಾವಿಂಗ್ ಅನ್ನುವ ಕಾರಿನ ಕಥೆಗೆ. ಅದನ್ನೂ ಹೇಳಿಬಿಡುತ್ತೇನೆ. 2012ರ ಲ ಮಾನ್ಸ್‌. ಬೆನ್ ಬೌಲ್ಬಿ ಡಿಸೈನ್ ಮಾಡಿದ್ದು, ನಿಸಾನ್ ಹೆಸರಿನಲ್ಲಿ ಓಡಿದ್ದು. ಮುಂದೆ ಸೂಜಿ, ಹಿಂದೆ ಅಗಲ, ಕಪ್ಪು ಬಣ್ಣ. ಮುಂದಿನ ಎರಡು ಟೈರು ಸ್ಕೂಟರಿನ ಟೈರಿನಷ್ಟು ಸಪೂರ, ಒಂದಕ್ಕೊಂದು ಅಂಟಿಕೊಂಡ ಹಾಗೆ. ಇದು ತಿರುಗುತ್ತದಾ ಅಂತಲೇ ಎಲ್ಲರಿಗೂ ಅನುಮಾನ. ಅದರ ಹಳ್ಳ ಇದು: ಬೇರೆ ಕಾರಿನ ಅರ್ಧ ತೂಕ, ಅರ್ಧ ಶಕ್ತಿ, ಬರೀ 1.6 ಲೀಟರಿನ ಟರ್ಬೋ ಇಂಜಿನ್, ಅಷ್ಟರಲ್ಲೇ ಅವರ ಜೊತೆ ಓಡಬೇಕು. ತಿರುಗಿತು, ಓಡಿತು. ಆದರೆ ಕತ್ತಲಾಗುವ ಮೊದಲೇ ಒಂದು ಟೊಯೋಟಾ ತಾಗಿ ಗೋಡೆಗೆ ಬಡಿಯಿತು.

ಲ ಮಾನ್ಸ್‌ನ ನಿಯಮ ಏನೆಂದರೆ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಚಾಲಕನೇ ರಿಪೇರಿ ಮಾಡಿಕೊಳ್ಳಬೇಕು. ಮೆಕ್ಯಾನಿಕ್ ಕೈ ಹಚ್ಚುವ ಹಾಗಿಲ್ಲ. ಆಗ ಓಡಿಸುತ್ತಿದ್ದ ಸತೋಶಿ ಮೊಟೊಯಾಮ ಇಳಿದ. ಬೇಲಿಯ ಆಚೆ ತಂಡದ ಹುಡುಗರು, ಈಚೆ ಇವನು. ಅವರು ಬೇಲಿ ಹಿಡಿದು ಹೇಳಿಕೊಡುತ್ತಾರೆ, ಇವನು ಹೆಲ್ಮೆಟ್ ಹಾಕಿಕೊಂಡೇ ಬಗ್ಗಿ ಬಿಚ್ಚುತ್ತಾನೆ, ಎಳೆಯುತ್ತಾನೆ, ಮತ್ತೆ ಬೇಲಿ ಹತ್ತಿರ ಓಡುತ್ತಾನೆ. ಹತ್ತಿರ ಹತ್ತಿರ ಒಂದೂವರೆ ಗಂಟೆ. ಆಗಲಿಲ್ಲ. ಕೊನೆಗೆ ಕೈ ಬಿಟ್ಟ. ಆ ವಿಡಿಯೋ ನೋಡಿ, ಕಣ್ಣು ಒದ್ದೆಯಾಗದೆ ಇದ್ದರೆ ಹೇಳಿ. ಬೆಳಿಗ್ಗೆಯಷ್ಟೇ ಎಲ್ಲರೂ ನಕ್ಕಿದ್ದ ಆ ಕಾರಿಗೆ ರಾತ್ರಿ ಆಗುವುದರೊಳಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಡು ಹಳ್ಳದಲ್ಲಿ ಜೀಪು ನಿಂತಾಗ ಅಪ್ಪ ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ತಲೆ ಹಾಕಿದ್ದು, ದಡದಲ್ಲಿ ನಿಂತವರು ಕೊಡೆ ಹಿಡಿದು ಆ ನಟ್ ಬಿಚ್ಚಿ, ಈ ಪೈಪ್ ಎಳೀರಿ ಅಂತ ಕೂಗಿದ್ದು ನನಗೆ ಹಾಗೇ ಕಣ್ಣ ಮುಂದೆ ಬಂತು. ಅದೇ ಕಾರು ಕೆಲವು ತಿಂಗಳಿಗೆ ಅಮೆರಿಕದ ಪೆಟಿ ಲ ಮಾನ್ಸ್‌ನಲ್ಲಿ 5ನೇ ಸ್ಥಾನಕ್ಕೆ ಬಂತು.

ಸರಿ, ಎಲ್ಲ ಕುರೂಪಿಗಳಿಗೂ ನಾನೇ ವಕೀಲ ಅಂದುಕೊಳ್ಳಬೇಡಿ. ಕೊನೆಗೆ ಹುಡುಗ ಮೊಬೈಲಿನಲ್ಲಿ ಇನ್ನೊಂದು ಫೋಟೋ ತೆಗೆದು ನನ್ನ ಮುಂದೆ ಹಿಡಿದ. "ಇದಕ್ಕೆ ಎಂತ ಹೇಳ್ತೀರಿ ಮಾವ?" 1979ರ ಎನ್‌ಸೈನ್ ಎನ್179. ರೇಡಿಯೇಟರುಗಳನ್ನೆಲ್ಲ ಎತ್ತಿ ಕಾರಿನ ಮೂತಿಯ ಮೇಲೆ ಒಂದರ ಮೇಲೊಂದು ಪೇರಿಸಿದ್ದಾರೆ, ಚಾಲಕನ ಎದುರಿಗೆ ಅಟ್ಟದ ಏಣಿ ಇಟ್ಟ ಹಾಗೆ. ತಂಪು ಗಾಳಿ ಮೊದಲು ಸಿಗುವುದು ಮೂತಿಗೇ, ಲೆಕ್ಕ ತಪ್ಪಲ್ಲ. ಹಳ್ಳ ಇತ್ತು ಅಂತಲೇ ಇಟ್ಟುಕೊಳ್ಳೋಣ. ದಕ್ಷಿಣ ಆಫ್ರಿಕಾದ ರೇಸಿಗೆ ತಂದರು, ಚಾಲಕ ಡೆರೆಕ್ ಡೇಲಿಗೆ ಅದರಲ್ಲಿ ರೇಸಿಗೆ ಇಳಿಯುವ ಅರ್ಹತೆಯೇ ಸಿಗಲಿಲ್ಲ. ಆಮೇಲೆ ಆ ಮೂತಿ ಕಿತ್ತು ಹಾಕಿ ಮಾಮೂಲಿ ಮೂತಿ ಕೂರಿಸಿದರು.

ನಾನು ಫೋಟೋವನ್ನು ಹಿಗ್ಗಿಸಿ ನೋಡಿದೆ, ಕುಗ್ಗಿಸಿ ನೋಡಿದೆ, ಮೊಬೈಲನ್ನೇ ಅಡ್ಡ ಹಿಡಿದು ನೋಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇದನ್ನು ಹೆತ್ತವರೂ ಆರು ತಿಂಗಳೊಳಗೆ ಮುಖ ಬದಲಾಯಿಸಿದ್ದಾರೆ, ನಾನೆಂತ ಹೇಳಲಿ ಮಾರಾಯ, ಅಂದೆ. ಅಷ್ಟರಲ್ಲಿ ಕರೆಂಟು ಬಂತು.